ಗುಡಿಸಿಟ್ಟ ಚುಕ್ಕಿ ರೋಗ

ಗ್ರಾಮಸೇವಕನ ಕೆಲಸ ಮಾಡಿದವರಿಗೆ ಗೊತ್ತು, ನಾವು ಹೇಳಿದ್ದನ್ನು ಜನ ಕೇಳದಿದ್ದರೆ ಕಷ್ಟ, ಕೇಳಿದರೆ ಅದಕ್ಕಿಂತ ದೊಡ್ಡ ಕಷ್ಟ. ಪುತ್ತೂರು, ಸುಳ್ಯ, ಕಡಬ ಅಂತ ಸೈಕಲ್ ತುಳಿದದ್ದರಲ್ಲಿ ನನಗೆ ಇವತ್ತಿಗೂ ಅರ್ಥವಾಗದೆ ಉಳಿದದ್ದು ಎಷ್ಟೋ ಉಂಟು. ಚುಕ್ಕಿ ರೋಗದ ಕಥೆ ಅದರಲ್ಲಿ ಒಂದು.

ಎಪ್ಪತ್ತೇಳು, ಎಪ್ಪತ್ತೆಂಟರ ಸುಮಾರು. ಕಲ್ಲುಗುಂಡಿಯ ಹತ್ತಿರ ಒಬ್ಬರು ಗೌಡ್ರು. ಅವರ ಎಳೆ ಅಡಿಕೆ ತೋಟದಲ್ಲಿ ಸೋಗೆಯ ಮೇಲೆ ಕಂದು ಚುಕ್ಕಿ ಬಂದು, ಚುಕ್ಕಿಗೆ ಚುಕ್ಕಿ ಕೂಡಿ, ಎಲೆ ಒಣಗಲಿಕ್ಕೆ ಶುರುವಾಗಿತ್ತು. ಶಿಲೀಂಧ್ರದ ರೋಗ, ಅಂದರೆ ಬೂಸ್ಟಿನ ಜಾತಿ. ಮದ್ದು ಎಂತ ಅಂತ ನನಗೂ ಗೊತ್ತಿಲ್ಲ, ನನ್ನ ಸಾಹೇಬ್ರಿಗೂ ಗೊತ್ತಿಲ್ಲ.

"ಸಂಶೋಧನಾ ಕೇಂದ್ರದವರನ್ನು ಕರ್ಕೊಂಡು ಬನ್ನಿ ಮಾರಾಯ್ರೆ. ಈ ವರ್ಷ ಬಾರದಿದ್ರೆ ಎಲ್ಲ ಕಡಿದು ರಬ್ಬರ್ ಹಾಕುದೇ" ಅಂದರು ಗೌಡ್ರು. ಒಂದೊಂದು ಗಿಡಕ್ಕೂ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ತೋಟ ಅದು. ನಾನು ಕರೆತರುತ್ತೇನೆ ಅಂತ ಮಾತು ಕೊಟ್ಟೆ. ಸಾಹೇಬ್ರು ಮಾತ್ರ, "ಒಬ್ಬರಿಗೋಸ್ಕರ ಅವರು ಬರುದಿಲ್ಲ. ಊರೂರಲ್ಲಿ ಸಭೆ ಮಾಡಿ, ಇನ್ನೂ ಎಷ್ಟು ಜನರ ತೋಟಕ್ಕೆ ಬಂದಿದೆ ನೋಡಿ" ಅಂದುಬಿಟ್ಟರು.

ಕಡಬದ ಜೀಪು

ಮೊದಲ ಸಭೆ ಕಡಬದ ಹತ್ತಿರ. ಜನ ಸೇರಲಿ ಅಂತ ಇಲಾಖೆಯ ಜೀಪಿಗೆ ಮೈಕ್ ಕಟ್ಟಿ ಹೊರಟೆ. "ಮಹನೀಯರೇ, ಯಾರೂ ಹೆದರಬೇಡಿ! ಎಲ್ಲ ಉಚಿತ! ಶಾಲೆಯ ಹತ್ತಿರ ಬಂದು ಹೆಸರು ಬರೆಸಿ!" ಅಂತ ಗಂಟಲು ಹರಿಯುವ ಹಾಗೆ ಕೂಗಿದೆ.

ಶಾಲೆಗೆ ಹೋಗಿ ನೋಡಿದರೆ ಒಂದು ನರಪಿಳ್ಳೆ ಇಲ್ಲ. ಬರುವ ದಾರಿಯಲ್ಲಿ ಗದ್ದೆಯಲ್ಲಿದ್ದ ಗಂಡಸರೆಲ್ಲ ಗುಡ್ಡ ಹತ್ತಿ ಓಡುತ್ತಿದ್ದದ್ದನ್ನು ನೋಡಿದ್ದೆ. ಹಂದಿ ಬಂದಿರಬೇಕು, ಅಟ್ಟಿಸಿಕೊಂಡು ಹೋಗುತ್ತಿದ್ದಾರೆ ಅಂತ ಭಾವಿಸಿದ್ದೆ, ಬೆಪ್ಪ ನಾನು!

ಕೊನೆಗೆ ಒಬ್ಬರು ಅಜ್ಜ ಕೋಲೂರಿಕೊಂಡು ಬಂದರು. "ಈ ಹಿಂದೆ ಇಂಥದ್ದೇ ಜೀಪಿನವರು ಬಂದು, ಹೆದರಬೇಡಿ ಅಂತ ಹೇಳಿ, ಗಂಡಸರನ್ನು ಮಕ್ಕಳಾಗದ ಆಪರೇಷನ್‌ಗೆ ಕರ್ಕೊಂಡು ಹೋದದ್ದು. ಪಾಪ, ಪ್ರಾಯದವರನ್ನು ಬಿಡಿ. ಲೆಕ್ಕಕ್ಕೆ ಜನ ಬೇಕಿದ್ರೆ ನಾನು ಬರ್ತೇನೆ. ನನಗೆ ಇನ್ನು ಎಂತ ಆಗ್ಲಿಕ್ಕೆ ಉಂಟು?"

ಕಬಕದ ಬೆಲ್ಲ ನೀರು

ಜೀಪಿನ ಸಹವಾಸವೇ ಬೇಡ ಅಂತ ಕಬಕಕ್ಕೆ ಸೈಕಲಲ್ಲೇ ಹೋದೆ. ಅಲ್ಲಿ ಭರ್ತಿ ಜನ. ನನಗೂ ಉಮೇದು ಬಂತು. "ಈ ಬೂಸ್ಟು ಕಣ್ಣಿಗೆ ಕಾಣುದಿಲ್ಲ. ತೋಟದಿಂದ ತೋಟಕ್ಕೆ ತಿರುಗುವವರ ಕಾಲಲ್ಲಿ, ಬಟ್ಟೆಯಲ್ಲಿಯೂ ಬರಬಹುದು. ಜಾಗ್ರತೆ! ಚುಕ್ಕಿ ಕಂಡರೆ ಆ ಸೋಗೆಯನ್ನು ಕೊಯ್ದು ಸುಡಿ" ಅಂತ ಚೆನ್ನಾಗಿ ಭಾಷಣ ಬಿಗಿದೆ. ಎಲ್ಲರೂ ತಲೆ ಆಡಿಸಿದರು.

ಮರುದಿನ ಅದೇ ಊರಿನ ಭಟ್ರ ಮನೆಗೆ ಹೋದರೆ, ಭಟ್ರು ಬೇಲಿ ದಾಟುವ ತಡಮೆಯ ಹತ್ತಿರವೇ ಅಡ್ಡ ನಿಂತರು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಕಳಿಸುವ ಕ್ರಮ ನಮ್ಮಲ್ಲಿ ಇಲ್ಲವಲ್ಲ, ಅದನ್ನೂ ಅಲ್ಲಿಗೇ ತಂದಿದ್ದರು.

"ಎಂತ ಭಟ್ರೆ, ಒಳಗೆ ಕರೆಯುದಿಲ್ವಾ?"

"ಬೇಜಾರು ಮಾಡ್ಬೇಡಿ. ತೋಟದಿಂದ ತೋಟಕ್ಕೆ ತಿರುಗುವವರು ಈ ಊರಲ್ಲಿ ನೀವೊಬ್ಬರೇ ಇರುದು!"

ಗೌಡ್ರ ಕಟ್ಟು

ಸಭೆಗಳ ಕಥೆ ಹೀಗಾದ ಮೇಲೆ, "ರೋಗ ಬಂದ ಎಲೆಯನ್ನಾದ್ರೂ ಕಳಿಸಿ" ಅಂದರು ಸಾಹೇಬ್ರು. ಗೌಡ್ರಿಗೆ ಹೇಳಿಕಳಿಸಿದೆ. ಕಲ್ಲುಗುಂಡಿಯಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಒಂದು ಕಟ್ಟು ಬಂತು. ಬಾಳೆನಾರಲ್ಲಿ ಎಷ್ಟು ಚಂದ ಕಟ್ಟಿದ್ದರು ಅಂದರೆ ನನಗೆ ಬಿಚ್ಚಲು ಮನಸ್ಸಾಗಲಿಲ್ಲ. ಹಾಗೆಯೇ ಸಂಶೋಧನಾ ಕೇಂದ್ರಕ್ಕೆ ಕಳಿಸಿದೆ.

ಉತ್ತರ ಬಂತು. "ಎಲೆಗಳು ಅತ್ಯಂತ ಆರೋಗ್ಯವಾಗಿವೆ. ಬೆಳೆಗಾರರಿಗೆ ಅಭಿನಂದನೆಗಳು."

ತಲೆ ಕೆಟ್ಟು ಗೌಡ್ರ ಮನೆಗೆ ಓಡಿದೆ. "ಎಂತ ಕಳಿಸಿದ್ದು ನೀವು?"

"ಇದ್ದದ್ದರಲ್ಲಿ ಒಳ್ಳೆಯದನ್ನೇ ಆರಿಸಿ, ತೊಳೆದು ಕಳಿಸಿದ್ದು" ಅಂದರು ಗೌಡ್ರು. "ದೊಡ್ಡವರ ಕೈಗೆ ಹೋಗುವಂಥದ್ದು. ಬಾಳೆಗೊನೆ ಕೊಡುವಾಗ ಕೊಳೆತದ್ದು ಕೊಡ್ತೇವಾ ನಾವು?"

ನಾನು ಬಂದ ಉತ್ತರವನ್ನು ಓದಿ ಹೇಳಿ ಬೈಯಲಿಕ್ಕೆ ಶುರು ಮಾಡಿದೆ. ಅಭಿನಂದನೆ ಬಂದದ್ದಕ್ಕೆ ನಾನು ಯಾಕೆ ಬೈಯುತ್ತಿದ್ದೇನೆ ಅಂತ ಅವರಿಗೆ ಗೊತ್ತಾಗಲಿಲ್ಲ.

ಡಾಕ್ಟ್ರ ಸವಾರಿ

ಸಾಹೇಬ್ರು ಕಾಡಿ ಬೇಡಿ ಇನ್ನೊಂದು ಪತ್ರ ಬರೆದರು. ಸಂಶೋಧನಾ ಕೇಂದ್ರದ ಡಾಕ್ಟ್ರು, "ನಿಮ್ಮ ಎಲೆ ನಂಬುದಿಲ್ಲ, ನಾನೇ ಬರ್ತೇನೆ. ಈ ಸಲವೂ ರೋಗ ಕಾಣದಿದ್ರೆ ಮತ್ತೆ ನಮ್ಮನ್ನು ಕರೀಬೇಡಿ" ಅಂತ ಖಡಾಖಂಡಿತ ಹೇಳಿ ಹೊರಟು ಬಂದರು.

ಬೆಳಿಗ್ಗೆ ಗೌಡ್ರ ತೋಟಕ್ಕೆ ಇಳಿದೆವು. ತೋಟ ಮದುವೆ ಚಪ್ಪರದ ಹಾಗೆ ಇತ್ತು! ನೆಲದಲ್ಲಿ ಒಂದು ಕಸ ಇಲ್ಲ, ಮರದಲ್ಲಿ ಒಂದು ಚುಕ್ಕಿ ಇಲ್ಲ. ಸುಳಿಯ ಹತ್ತಿರದ ಹಸಿರು ಸೋಗೆ ಮಾತ್ರ ಗಾಳಿಗೆ ಆಡುತ್ತಿತ್ತು.

"ರೋಗ ಎಲ್ಲಿದೆ?" ಅಂತ ಡಾಕ್ಟ್ರು ಕೇಳಿದರು.

"ಒಂದೂ ಇಲ್ಲ ಸಾರ್!" ಗೌಡ್ರು ಎದೆಯುಬ್ಬಿಸಿ ಹೇಳಿದರು. "ಆಳು ಮಾಡಿ, ಏಣಿ ಇಟ್ಟು ಕೊಯ್ಯಿಸಿದ್ದು. ನೀವು ಬರುವಾಗ ತೋಟ ಹಾಗೆ ಇದ್ರೆ ಮರ್ಯಾದೆಯಾ? ಕೊಯ್ದು ಸುಡಿ ಅಂತ ಇವರೇ ಊರೆಲ್ಲ ಹೇಳಿದ್ದಂತೆ."

ಡಾಕ್ಟ್ರು ನನ್ನನ್ನು ನೋಡಿದರು. ನಾನು ಆಕಾಶ ನೋಡಿದೆ. ಡಾಕ್ಟ್ರು ಚೀಲ ಹೆಗಲಿಗೇರಿಸಿ ಹೊರಟಾಗಲೇ ಗೌಡ್ರಿಗೆ ವಿಷಯ ಹೊಳೆದದ್ದು. "ಹಾಗಾದ್ರೆ ಕಡಿಯುದೇ ನಾನು?" ಅಂತ ಹತ್ತಿರದ ಮರವನ್ನು ಹಿಡಿದುಕೊಂಡರು.

ಅಷ್ಟರಲ್ಲಿ ಗೌಡ್ರ ಹೆಂಡತಿ ಮೇಲಿನ ಮನೆಯಿಂದ ಕೂಗಿದರು. "ಡಾಕ್ಟ್ರಿಗೆ ಸ್ನಾನಕ್ಕೆ ನೀರು ಆಗ್ತಾ ಬಂತು! ಆ ಚುಕ್ಕಿ ಸೋಗೆ ಎಂತ ಚಂದ ಉರಿತದೆ ಮಾರಾಯ್ರೆ!"

ಡಾಕ್ಟ್ರು ಓಡಿದ ಓಟ! ಹಿಂದಿನಿಂದ ಗೌಡ್ರು, ಅವರ ಹಿಂದೆ ನಾನು. ಡಾಕ್ಟ್ರು ಹೋದವರೇ ಬಚ್ಚಲೊಲೆಗೆ ಕೈ ಹಾಕಿ, ಅರ್ಧ ಸುಟ್ಟ ಸೋಗೆ ಎಳೆದು, ಭೂತಗನ್ನಡಿ ಹಿಡಿದು, "ಇದೇ! ಇದೇ!" ಅಂತ ಕುಣಿದರು. ಗೌಡ್ರು ಕಣ್ಣೊರೆಸಿಕೊಂಡರು, ಹೊಗೆಗೆ ಅಂತ ಅವರೇ ಹೇಳಿದ್ದು. ಸ್ನಾನದ ನೀರು ತಣಿಯುತ್ತದಲ್ಲ ಅಂತ ಅವರ ಹೆಂಡತಿಗೆ ಮಾತ್ರ ಸಿಟ್ಟು.

"ಮದ್ದು ಇನ್ನೂ ಗೊತ್ತಿಲ್ಲ. ಆದರೆ ಪ್ರಯೋಗ ಇದೇ ತೋಟದಲ್ಲಿ ಮಾಡ್ತೇವೆ, ಒಂದು ಮರವನ್ನೂ ಕಡಿಯಬೇಡಿ" ಅಂದರು ಡಾಕ್ಟ್ರು. "ಒಂದೇ ಷರತ್ತು. ಇನ್ನು ನಾನು ಬರುವಾಗ ತೋಟ ಗುಡಿಸಬಾರದು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಕೊನೆಗೆ ಗೌಡ್ರ ಹೆಂಡತಿಯೇ ಸಂಕೋಚದಿಂದ ಬಾಯಿಬಿಟ್ಟರು.

"ಹಾಗಾದ್ರೆ ನೀವು ಬರುದನ್ನು ನಮಗೆ ಹೇಳ್ಬೇಡಿ ಸಾರ್. ಗೊತ್ತಾದ್ರೆ, ಗುಡಿಸದೆ ಕೂತ್ಕೊಳ್ಳಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."