ಯಥಾಸ್ಥಿತಿಯಲ್ಲಿ ಇಬ್ಬರು ಡಾಕ್ಟರು

ದೊಡ್ಡ ಡಾಕ್ಟರನ್ನು ಎತ್ತಂಗಡಿ ಮಾಡಿಸಿದ್ದು ಊರಿನ ಪುಢಾರಿ ಎಂದು ಆಗ ಎಲ್ಲರೂ ನಂಬಿದ್ದರು. ಪುಢಾರಿ ತನ್ನ ಅತ್ತೆಯನ್ನು ಆಸ್ಪತ್ರೆಗೆ ಕರೆತಂದಾಗ ಡಾಕ್ಟರು ಸಾಲಿನಲ್ಲಿ ಕೂರಿಸಿ ಎಂದಿದ್ದರು. ಎರಡು ತಿಂಗಳಿಗೆ ವರ್ಗಾವಣೆಯ ಆದೇಶ ಬಂತು. ಇದಕ್ಕಿಂತ ಹೆಚ್ಚಿನ ಪುರಾವೆ ಯಾರಿಗೂ ಬೇಕಾಗಿರಲಿಲ್ಲ. ಸರ್ಕಾರಿ ವೈದ್ಯರ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಆ ಸಲ ನಡುವೆ ಸಿಕ್ಕಿಕೊಂಡವನು ನಾನು.

ಎಂಬತ್ತರ ದಶಕದ ಮಾತು. ಆದೇಶ ಒಂದೇ ಹಾಳೆ. ಶ್ರೀನಿವಾಸಪುರ ತಾಲ್ಲೂಕಿನ ಹೋಬಳಿ ಆಸ್ಪತ್ರೆಯೊಂದರಲ್ಲಿದ್ದ ಅವರು ಮಾಲೂರಿಗೆ, ಮುಳಬಾಗಲಿನಲ್ಲಿದ್ದ ನಾನು ಅವರ ಜಾಗಕ್ಕೆ. ಕಾರಣ ಬರೆದಿರಲಿಲ್ಲ. ಅವರ ಹೆಂಡತಿಗೆ ಅದೇ ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿ ವರ್ಷವಾಗಿತ್ತು, ಹಾಗಾಗಿ ಅವರು ಕದಲುವಂತಿರಲಿಲ್ಲ. ಮುಳಬಾಗಲಿನಲ್ಲಿ ನನ್ನ ಕುರ್ಚಿಗೆ ಆಗಲೇ ಬೇರೊಬ್ಬರು ಬಂದಿದ್ದರು, ಹಾಗಾಗಿ ನಾನು ಹಿಂದಿರುಗುವಂತಿರಲಿಲ್ಲ. ನನ್ನ ಹೆಂಡತಿ ಐದು ತಿಂಗಳ ಬಸುರಿ. ಕ್ವಾರ್ಟರ್ಸ್ ಸಿಕ್ಕಿದ ದಿನ ಬರ್ತೀನಿ ಎಂದು ಅಲ್ಲೇ ಉಳಿದಳು. ನಾನು ಟ್ರಂಕು, ಹಾಸಿಗೆ ಸುರುಳಿ ಹಿಡಿದು ಬಸ್ಸು ಹತ್ತಿದೆ.

೧. ಊರಲ್ಲಿಲ್ಲದ ಡಾಕ್ಟರು

ಆದೇಶವನ್ನು ಕೈಯಾರೆ ಪಡೆದು ರುಜು ಹಾಕುವವರೆಗೆ ನಮ್ಮ ಲೆಕ್ಕದಲ್ಲಿ ವರ್ಗವಾದಂತಲ್ಲ. ಡಾಕ್ಟರು ಪಡೆಯಲಿಲ್ಲ. ಮೇಲಿನ ಕಚೇರಿಯಿಂದ ಬಂದ ಲಕೋಟೆಯನ್ನು ಆಸ್ಪತ್ರೆಯ ಜವಾನನೇ ಅವರ ಕ್ವಾರ್ಟರ್ಸಿಗೆ ಒಯ್ದ. ನಾನು ಗೇಟಿನ ಹೊರಗೆ ನಿಂತಿದ್ದೆ. ಡಾಕ್ಟರು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರು.

"ಸಾರ್, ತಾವು ಊರಲ್ಲಿದ್ದೀರಾ?" ಎಂದು ಜವಾನ ಕೇಳಿದ.

"ಇಲ್ಲ ಕಣೋ. ಬೆಂಗಳೂರಿಗೆ ಹೋಗಿದ್ದೀನಿ."

ಜವಾನನಿಗೆ ಬರವಣಿಗೆ ಅಷ್ಟಕ್ಕಷ್ಟೆ. ಲಕೋಟೆಯ ಮೇಲೆ ಡಾಕ್ಟರೇ ಬರೆದುಕೊಟ್ಟರು: ವೈದ್ಯಾಧಿಕಾರಿಗಳು ಊರಿನಲ್ಲಿ ಇರುವುದಿಲ್ಲ. ಹಿಂದಿರುಗಿಸುವ ಕಾಗದಕ್ಕೆ ಆಸ್ಪತ್ರೆಯ ಮುಖ್ಯಸ್ಥರ ರುಜು ಬೇಕೆಂಬುದು ನೆನಪಾಗಿ, ಕೆಳಗೆ ರುಜು ಮಾಡಿ, ಮೊಹರನ್ನೂ ಒತ್ತಿದರು.

ಮೇಲಿನ ಕಚೇರಿಯಲ್ಲಿ ಅದನ್ನು ಯಾರೂ ಪ್ರಶ್ನಿಸಲಿಲ್ಲ. ಮೊಹರು ಸರಿಯಾಗಿತ್ತು.

೨. ಹೈಕೋರ್ಟ್ ಡಾಕ್ಟರು

ಮೂರನೇ ದಿನ ಅವರು ನಿಜವಾಗಿಯೇ ಬೆಂಗಳೂರಿಗೆ ಹೋದರು. ಚಾರ್ಜ್ ನೀವೇ ತಗೊಂಡುಬಿಡಿ ಎಂದು ಮೇಲಿನವರು ನನಗೆ ಫೋನಿನಲ್ಲಿ ಹೇಳಿದರು. ಬೆಳಿಗ್ಗೆ ಹತ್ತಕ್ಕೆ ನಾನು ಚಾರ್ಜ್ ಪುಸ್ತಕದಲ್ಲಿ ರುಜು ಹಾಕಿದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅವರಿಗೆ ಹೈಕೋರ್ಟಿನಲ್ಲಿ ಸ್ಟೇ ಸಿಕ್ಕಿತು. ಈ ದಿನದ ಯಥಾಸ್ಥಿತಿಯನ್ನು ಕಾಯ್ದುಕೊಂಡು ಬರತಕ್ಕದ್ದು ಎಂದು ಅದರಲ್ಲಿತ್ತು. ಈ ದಿನ ನಾನು ಬಂದಿದ್ದೆ. ಅವರು ಮಾಲೂರಿಗೆ ಹೋಗಿರಲಿಲ್ಲ.

ಕೋಲಾರದಲ್ಲಿ ಒಬ್ಬ ಲಾಯರಿಗೆ ತೋರಿಸಿದೆ. ಎರಡು ಸಲ ಓದಿ ಕನ್ನಡಕ ತೆಗೆದರು. "ಇಬ್ಬರೂ ಕೂತ್ಕೊಳ್ಳಿ. ಯಾರು ಎದ್ದುಹೋದ್ರೂ ಕೋರ್ಟಿನ ಮಾತು ಮೀರಿದ ಹಾಗಾಗುತ್ತೆ."

ಕೂತೆವು. ಮೇಜು ಒಂದೇ, ಎರಡನೇ ಕುರ್ಚಿಯನ್ನು ಶಾಲೆಯಿಂದ ತಂದದ್ದು. ಕಾಂಪೌಂಡರು ಇಬ್ಬರ ಚೀಟಿಗೂ ಒಂದೇ ಸೀಸೆಯಿಂದ ಔಷಧಿ ಕೊಡುತ್ತಿದ್ದ. ಆದರೂ ಅವರ ಕಡೆ ಸಾಲು ಉದ್ದ, ನನ್ನ ಕಡೆ ನೊಣ. ಒಂದು ದಿನ ಆಂಧ್ರ ಗಡಿ ಕಡೆಯ ತೆಲುಗು ಮಾತಿನ ಮುದುಕನೊಬ್ಬನನ್ನು ನಾನೇ ಕರೆದೆ. ಆತ ಕೈಮುಗಿದ.

"ವದ್ದು ಸಾಮೀ, ಬೇಡ. ನಾನು ಹೈಕೋರ್ಟ್ ಡಾಕ್ಟರ ಹತ್ರಾನೇ ತೋರಿಸ್ಕೊಂತೀನಿ. ತಾವು ಬರೀ ಗೌರ್ಮೆಂಟ್ ಡಾಕ್ಟರು."

೩. ಮಾಡಿಸಿದವನು

ಆರು ತಿಂಗಳಾದರೂ ಸರ್ಕಾರದ ವಕೀಲರು ವಾಯಿದೆ ಕೇಳುತ್ತಲೇ ಇದ್ದರು. ಕಡತ ಬಂದಿಲ್ಲವಂತೆ. ನಾನು ಕಾಂಪೌಂಡರ ಮನೆಯ ನಡುಕೋಣೆಯಲ್ಲಿ ಮಲಗುತ್ತಿದ್ದೆ. ತಡೆಯಲಾರದೆ ಪುಢಾರಿಯ ಮನೆಗೇ ಹೋದೆ. ಮಾಡಿಸಿದ್ದನ್ನು ರದ್ದು ಮಾಡಿಸಿಬಿಡಿ, ನನ್ನನ್ನು ಇನ್ನೆಲ್ಲಿಗಾದರೂ ಹಾಕುತ್ತಾರೆ ಎಂದು ಕೇಳಿಕೊಂಡೆ.

ಆತ ಮಂಚದ ಮೇಲೆ ಕೂತು, ಮನೆಗೆ ಬಂದಿದ್ದ ನಾಲ್ಕು ಜನ ಕೇಳಿಸಿಕೊಳ್ಳಲಿ ಎಂದು ಸ್ವಲ್ಪ ಕಾದ. "ಮಾಡ್ಸಿದ್ದು ನಾನೇ ಕಣ್ರೀ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಈಗ ಕೋರ್ಟಿಗೆ ಹೋಗೈತೆ. ನಾವು ಕೋರ್ಟಿಗೆ ಅಡ್ಡ ಬರಬಾರದು."

ಅವನ ಮನೆಗೆ ಅಹವಾಲು ತರುವವರು ಆ ವರ್ಷ ಹೆಚ್ಚಾದರು. ಇಬ್ಬರು ಡಾಕ್ಟರಾದ ಮೇಲೆ ಹೊಸಬರ ಕಡೆ ಸಾಲೇ ಇರುವುದಿಲ್ಲ, ಎಲ್ಲಾ ನಮ್ಮ ಅಳಿಯಂದಿರ ದಯೆ ಎಂದು ಅವನ ಅತ್ತೆ ಆಸ್ಪತ್ರೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದರು.

೪. ಹಕ್ಕಿಗೆ ಬಾಧೆ ಬಾರದಂತೆ

ಇಬ್ಬರಲ್ಲಿ ಯಾರೂ ರಜೆ ಹಾಕುವಂತಿರಲಿಲ್ಲ. ಒಬ್ಬ ಎದ್ದರೆ ಇನ್ನೊಬ್ಬನೇ ಡಾಕ್ಟರು ಎಂದಾಗಿಬಿಡುತ್ತದೆಂದು ಇಬ್ಬರ ಲಾಯರುಗಳೂ ಹೇಳಿದ್ದರು. ನನಗೆ ಮಗಳು ಹುಟ್ಟಿದ ಸುದ್ದಿಯನ್ನು ಆ ಮೇಜಿನ ಮುಂದೆಯೇ ಓದಿದೆ. ನೋಡಲು ಹೋದದ್ದು ಭಾನುವಾರ.

ಒಂದು ಚಳಿಗಾಲ ಡಾಕ್ಟರಿಗೆ ಜ್ವರ ಬಂತು. ನಡುಗುತ್ತ ಬಂದು ಕೂತರು. ಮನೆಗೆ ಹೋಗಿ ಮಲಗಿ, ನಾನೇ ಸರ್ಟಿಫಿಕೇಟ್ ಬರೆದುಕೊಡುತ್ತೇನೆ ಎಂದೆ. ಬೇಡವೆಂದು ತಲೆಯಾಡಿಸಿದರು. ನನ್ನ ಸರ್ಟಿಫಿಕೇಟ್ ತಗೊಂಡರೆ ಇಲ್ಲಿಯ ಡಾಕ್ಟರು ನಾನೆಂದು ಅವರು ಒಪ್ಪಿದ ಹಾಗೆ. ಬೇರೆ ಡಾಕ್ಟರಿಗೆ ತೋರಿಸೋಣವೆಂದರೆ ಕೋಲಾರಕ್ಕೆ ಬಸ್ಸಿನಲ್ಲಿ ಹೋಗುವ ಶಕ್ತಿ ಅವರಿಗಿರಲಿಲ್ಲ. ಕೊನೆಗೆ ನಾನು ಎರಡು ಮಾತ್ರೆ ಮುಂದಿಟ್ಟೆ.

"ಚೀಟಿ ಬರೀಬೇಡಿ," ಎಂದರು.

ಬರೆಯಲಿಲ್ಲ. ಮಾತ್ರೆ ನುಂಗಿ, ನೀರು ಕುಡಿದು, ಸುತ್ತ ನೋಡಿ, ಕಾಂಪೌಂಡರಿಗೂ ಕೇಳಿಸುವ ಹಾಗೆ ಹೇಳಿದರು: "ನನ್ನ ಹಕ್ಕಿಗೆ ಯಾವ ಬಾಧೆಯೂ ಬಾರದ ಹಾಗೆ ನುಂಗಿದ್ದೀನಿ."

೫. ಕೇಸಿನ ವರ್ಗ

ಮಗಳು ನಡೆಯಲು ಕಲಿತಳು. ಪ್ರತಿ ಭಾನುವಾರ ನನ್ನನ್ನು ಕಂಡು ಅಳುವುದನ್ನೂ ಕಲಿತಳು. ನೀವು ಯಾವ ಊರಿನ ಡಾಕ್ಟರೆಂದು ಗೊತ್ತಾದ ಮೇಲೆ ಒಂದು ಕಾರ್ಡು ಹಾಕಿ ಎಂದಳು ಹೆಂಡತಿ.

ಮೂರು ವರ್ಷವಾಗುವಷ್ಟರಲ್ಲಿ ಸರ್ಕಾರಿ ನೌಕರರ ತಕರಾರುಗಳಿಗೆಂದೇ ಹೊಸ ನ್ಯಾಯಮಂಡಳಿ ಬಂತು. ಹೈಕೋರ್ಟಿನಲ್ಲಿದ್ದ ಇಂಥ ಕೇಸುಗಳೆಲ್ಲ ಅಲ್ಲಿಗೆ ವರ್ಗವಾದವು. ನಮ್ಮದೂ ಹೋಯಿತು. ಡಾಕ್ಟರು ಕಂಗಾಲಾದರು. ತಮ್ಮನ್ನು ಮೂರು ವರ್ಷ ಯಾರಿಂದಲೂ ಅಲ್ಲಾಡಿಸಲು ಆಗಿರಲಿಲ್ಲ, ಕೇಸನ್ನು ಒಂದೇ ದಿನದಲ್ಲಿ ಎತ್ತಿ ಹಾಕಿದ್ದರು. ತಮ್ಮ ಲಾಯರಿಗೆ ಫೋನು ಮಾಡಿ, ಈ ವರ್ಗಕ್ಕೊಂದು ಸ್ಟೇ ಸಿಕ್ಕೀತೇ ಎಂದು ಕೇಳಿದರು.

ಲಾಯರು ಬೈಯುತ್ತಾರೆಂದುಕೊಂಡಿದ್ದೆ. ನೋಡಿ ಹೇಳ್ತೀನಿ ಎಂದರಂತೆ.

೬. ಕಡತ

ಕೊನೆಗೂ ಕಡತ ಸಿಕ್ಕಿತು, ವಿಚಾರಣೆಯ ದಿನ ಬಂತು. ಅಂದು ಆಸ್ಪತ್ರೆಗೆ ಬದಲಿ ವೈದ್ಯರನ್ನು ಕಳಿಸಿದ್ದರು. ಇಬ್ಬರೂ ಒಂದೇ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಅವರ ಹೆಂಡತಿ ಇಬ್ಬರಿಗೂ ಚಿತ್ರಾನ್ನ ಕಟ್ಟಿಕೊಟ್ಟಿದ್ದರು. ನೀವು ಗೆದ್ದರೆ ನಾನು ಎಲ್ಲಿಗೆ ಹೋಗಲಿ ಎಂದು ಕೇಳಿದೆ. "ಅದನ್ನ ನಾನೂ ಯೋಚ್ನೆ ಮಾಡಿದ್ದೀನಿ. ಪಾಪ ಅನ್ಸುತ್ತೆ," ಎಂದು ಇನ್ನೊಂದು ಪೊಟ್ಟಣ ಬಿಚ್ಚಿದರು.

ಅವರ ವಕೀಲರು ಅರ್ಧ ಗಂಟೆ ಮಾತಾಡಿದರು. ಪುಢಾರಿ, ಅತ್ತೆ, ಸಾಲು, ದ್ವೇಷ. ಪ್ರಾಮಾಣಿಕ ವೈದ್ಯರೊಬ್ಬರನ್ನು ಮಾಲೂರಿಗೆ ತಳ್ಳಿ ಶಿಕ್ಷಿಸಲಾಗಿದೆ ಎಂದರು. ಡಾಕ್ಟರು ನನ್ನ ಪಕ್ಕದಲ್ಲಿ ಕಣ್ಣೊರೆಸಿಕೊಂಡರು. ನನಗೂ ಅವರು ಹೇಳುವುದು ನ್ಯಾಯವೇ ಎನಿಸಿತು.

ಸರ್ಕಾರದ ವಕೀಲರು ವಾದ ಮಾಡಲಿಲ್ಲ. ಕಡತದ ದಾರ ಬಿಚ್ಚಿ, ವರ್ಗಾವಣೆಗೆ ಆಧಾರ ಇದೇ ಎಂದು ಒಂದು ಕಾಗದ ತೆಗೆದು, ಓದಲು ಅಪ್ಪಣೆ ಕೇಳಿದರು.

ಈ ಊರಿನ ನೀರು ಒಗ್ಗುತ್ತಿಲ್ಲ, ಮಾಲೂರಿಗಾದರೆ ರೈಲಿನ ಅನುಕೂಲವಿದೆ, ದಯವಿಟ್ಟು ಅಲ್ಲಿಗೆ ಹಾಕಿಕೊಡಬೇಕು ಎಂದು ಡಾಕ್ಟರು ಆ ಆದೇಶಕ್ಕೆ ನಾಲ್ಕು ವರ್ಷ ಮುಂಚೆ ತಮ್ಮ ಕೈಯಾರೆ ಬರೆದಿದ್ದ ಅರ್ಜಿ ಅದು.