ಎರಡು ಬೆರಳು ಖಾಲಿ

ಲೋಟದ ಅಂಚಿನಿಂದ ಎರಡು ಬೆರಳು ಕೆಳಗೆ. ನನ್ನ ಸೋದರಮಾವ ಕಾಫಿ ಬಗ್ಗಿಸುವಾಗ ಕೈ ನಿಲ್ಲುವುದು ಅಲ್ಲೇ. ನೆಂಟರಿಗೂ ಅಷ್ಟೇ, ಹಟ್ಟಿಯ ಗೌಡರಿಗೂ ಅಷ್ಟೇ. ಇಡೀ ನೀಲಗಿರಿಯಲ್ಲಿ ಇವರಷ್ಟು ಜಿಪುಣರು ಇನ್ನೊಬ್ಬರಿಲ್ಲ ಎಂದು ಹೆಸರಾಗಿತ್ತು. ಆದರೆ ಜಿಪುಣನಾದವನು ಬರಿದಾದ ಲೋಟಕ್ಕೆ ಎರಡನೆಯ ಸಲ, ಮೂರನೆಯ ಸಲ ಬಗ್ಗಿಸುತ್ತಾನೆಯೇ? ಮಾವ ಬಗ್ಗಿಸುತ್ತಿದ್ದರು. ಪ್ರತಿ ಸಲವೂ ಎರಡು ಬೆರಳು ಖಾಲಿ. ಹಂಡೆ, ಬಿಂದಿಗೆ, ದೀಪದ ಎಣ್ಣೆಬುರುಡೆ, ಆ ಮನೆಯಲ್ಲಿ ಯಾವುದೂ ತುಂಬಿದ್ದನ್ನು ನಾನು ಕಂಡಿಲ್ಲ.

"ಇವರು ಜಗಳವನ್ನೂ ಪೂರ್ತಿ ಆಡುವುದಿಲ್ಲ ಕಣೆ, ಸ್ವಲ್ಪ ಜಾಗ ಬಿಟ್ಟು ಎದ್ದು ಹೋಗುತ್ತಾರೆ. ನಾನೇ ತುಂಬಿಸಬೇಕು" ಎನ್ನುತ್ತಿದ್ದರು ಅತ್ತೆ.

ಇದೆಲ್ಲ ಉದ್ಯೋಗದಿಂದ ಬಂದ ಚಟ. ನಮ್ಮ ಹಟ್ಟಿಯ ಮೇಲುಗಡೆ ಹಳ್ಳಕ್ಕೆ ಅಡ್ಡವಾಗಿ ಒಂದು ಸಣ್ಣ ಅಣೆಕಟ್ಟು ಇದೆ. ಅದರ ತೂಬಿನ ಚಕ್ರ ತಿರುಗಿಸಿ ನೀರು ಬಿಡುವವರು, ಕಟ್ಟೆಯ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದ ಮಾವ. ಬಿಡುವ ಮೊದಲು ತಮ್ಮ ಕೆಂಪಂಚಿನ ಬಿಳಿ ಶಾಲನ್ನು ಕಟ್ಟೆಯ ಗೋಡೆಗೆ ಹಾಕುತ್ತಿದ್ದರು. ಅದು ಕಂಡರೆ ಕೆಳಗಿನವರು ಹಳ್ಳದಲ್ಲಿ ಮಲಗಿದ ಎಮ್ಮೆಗಳನ್ನು ದಡ ಹತ್ತಿಸಬೇಕು. ಒಂದು ದಿನ ಶಾಲು ಕಂಡಿತು. ಹಟ್ಟಿಯೇ ಕೆಲಸ ಬಿಟ್ಟು ಓಡಿತು. ಎಮ್ಮೆಗಳು ಮಧ್ಯಾಹ್ನದವರೆಗೆ ಬಿಸಿಲಲ್ಲಿ ನಿಂತವು. ನೀರು ಬರಲಿಲ್ಲ. ಗೌಡರು ಏದುಸಿರು ಬಿಡುತ್ತ ಹತ್ತಿ ಬಂದು ನೋಡಿದರೆ, ಅತ್ತೆ ಶಾಲು ಒಗೆದು ಒಣಗಲು ಹಾಕಿದ್ದರು. ಅಂದಿನಿಂದ ಆ ಶಾಲು ಒಗೆತ ಕಂಡಿರಲಿಲ್ಲ. ಮಾವ ಗಾಳಿಗೆದುರು ನಿಂತರೆ ನಾವು ಜಾಗ ಬದಲಿಸುತ್ತಿದ್ದೆವು.

ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಮಾವನ ಮನೆಗೆ ಬಂದ ಬೇಸಿಗೆ ಅದು. ಮುಂಗಾರಿಗೆ ಇನ್ನೂ ದಿನಗಳಿದ್ದವು, ಆಕಾಶ ತೊಳೆದ ತಟ್ಟೆಯ ಹಾಗಿತ್ತು. ಹಳ್ಳದ ದಂಡೆಯಲ್ಲಿ ಹಟ್ಟಿಯವರ ಆಲೂಗಡ್ಡೆ ಕೀಳಲು ಎರಡು ವಾರ ಬಾಕಿ. ಅಂಥ ಹೊತ್ತಿನಲ್ಲಿ ಮಾವ ಶಾಲು ಹಾಕಿ ತೂಬು ಎತ್ತಿದರು.

ಗೌಡರು ಬಂದರು. "ಏನಪ್ಪಾ, ಕುಡಿಯುವ ನೀರನ್ನು ಯಾರಾದರೂ ಬೇಸಿಗೆಯಲ್ಲಿ ಚೆಲ್ಲುತ್ತಾರೆಯೇ?"

"ಮಳೆ ಬರುತ್ತದಲ್ಲ ಗೌಡರೇ. ಅದು ಕೂರಲು ಜಾಗ ಬೇಡವೇ? ತುಂಬಿದ ಕಟ್ಟೆಯ ಮೇಲೆ ಬಿದ್ದರೆ ಅಷ್ಟೂ ನೀರು ಉಕ್ಕಿ ನಿಮ್ಮ ಆಲೂಗಡ್ಡೆಯ ಮೇಲೆ ಹೋಗಿ ಕೂರುತ್ತದೆ."

"ಬರದಿದ್ದರೆ?"

ಮಾವ ಕಾಫಿ ಲೋಟ ಮುಂದೆ ಮಾಡಿದರು. ಗೌಡರು ಅದರೊಳಗೆ ಇಣುಕಿ ನಿಟ್ಟುಸಿರು ಬಿಟ್ಟರು.

ಆಗ ನಾನು ಬಾಯಿ ಬಿಟ್ಟೆ. ಕೇಳದೆ ಮಾತಾಡುವವಳಲ್ಲ, ಆದರೆ ಲೆಕ್ಕವೆಂದರೆ ಸುಮ್ಮನಿರಲಾಗದು. ಚೀಟಿಯ ಮೇಲೆ ಕೂಡಿ ಕಳೆದು, ಮಳೆ ಹತ್ತು ದಿನ ತಡವಾದರೆ ಹಟ್ಟಿಗೆ ಕುಡಿಯಲು ನೀರಿರುವುದಿಲ್ಲ ಎಂದು ಗೌಡರ ಎದುರಿಗೇ ತೋರಿಸಿಬಿಟ್ಟೆ. "ಓದಿದವಳು ಹೇಳುತ್ತಿದ್ದಾಳೆ ನೋಡು" ಎಂದರು ಗೌಡರು. ಮಾವ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ತೂಬು ಮಾತ್ರ ಇಳಿಸಲಿಲ್ಲ.

ನಾಲ್ಕು ದಿನ ಒಂದು ಮೋಡವೂ ಇಲ್ಲ. ದಾರಿಯಲ್ಲಿ ಮಾವನನ್ನು ಯಾರೂ ಮಾತಾಡಿಸಲಿಲ್ಲ. ಐದನೆಯ ಮಧ್ಯಾಹ್ನ ಬೆಟ್ಟದ ನೆತ್ತಿ ಕಪ್ಪಾಯಿತು. ಆಮೇಲೆ ಮೂರು ದಿನ ಮಳೆಗೆ ಉಸಿರು ತೆಗೆದುಕೊಳ್ಳಲು ಪುರುಸೊತ್ತಿರಲಿಲ್ಲ. ಮಾವ ಕಂಬಳಿಕೊಪ್ಪೆ ಹಾಕಿಕೊಂಡು ಚಕ್ರದ ಬಳಿಯೇ ನಿಂತರು. ಹಳ್ಳದ ದಂಡೆಯೊಳಗೆ ಹಿಡಿಸುವಷ್ಟೇ ನೀರು ಬಿಡುವುದು, ಉಳಿದದ್ದನ್ನು ಕಟ್ಟೆಯಲ್ಲಿ ತಡೆಯುವುದು. ಮೂರನೆಯ ಸಂಜೆ ಮಳೆ ಹಿಂದೆಗೆದಾಗ ನೀರು ಗೋಡೆಯ ತಲೆಯಿಂದ ಎಷ್ಟು ಕೆಳಗೆ ನಿಂತಿತ್ತೆಂದು ನಾನು ಹೇಳಬೇಕೇ? ಆಲೂಗಡ್ಡೆಯ ಒಂದು ಸಾಲೂ ಕೊಚ್ಚಿ ಹೋಗಿರಲಿಲ್ಲ.

ಗೌಡರು ಮನೆಗೆ ಬಂದು, ತಾವಾಗಿ ಕಾಫಿ ಕೇಳಿ, ಲೋಟದೊಳಗೆ ಇಣುಕದೆ ಕುಡಿದು ಹೋದರು.

ಅವರು ಹೋದ ಮೇಲೆ ಮಾವ ಜೇಬಿನಿಂದ ನನ್ನ ಚೀಟಿ ತೆಗೆದರು. ನೆಂದು ಮುದ್ದೆಯಾಗಿತ್ತು. "ನಿನ್ನ ಲೆಕ್ಕ ತಪ್ಪಲ್ಲ ಕೂಸೇ. ತಡವಾಗಿದ್ದರೆ ನೀನೇ ಸರಿ. ಆ ನಾಲ್ಕು ದಿನ ಇದನ್ನು ಎಷ್ಟು ಸಲ ಬಿಚ್ಚಿ ನೋಡಿದೆನೋ."

ಚೀಟಿ ತೆಗೆದುಕೊಳ್ಳಲು ಹೋದಾಗ ಅವರ ಅಂಗೈ ಕಂಡಿತು. ಬೊಕ್ಕೆಗಳು ಒಡೆದಿದ್ದವು. ಎಮ್ಮೆಗಳೆಲ್ಲ ಕೊಟ್ಟಿಗೆಯಲ್ಲಿದ್ದ ಕಾರಣ ಗೋಡೆಯ ಮೇಲೆ ಶಾಲಿಗೆ ಕೆಲಸವಿರಲಿಲ್ಲ. ಅದನ್ನು ಕೈಗೆ ಸುತ್ತಿಕೊಂಡು ಮೂರು ದಿನ ಜಾರುವ ಚಕ್ರ ತಿರುಗಿಸಿದ್ದರು. ಮೂಲೆಯಲ್ಲಿ ಬಿದ್ದಿದ್ದ ಶಾಲನ್ನು ಎತ್ತಿದೆ. ತುಕ್ಕಿನ ಕಲೆ ಎಂದುಕೊಂಡದ್ದು ತುಕ್ಕಲ್ಲ.

ಮರುದಿನ ಬೆಳಗ್ಗೆ ಬಿಸಿಲು ಬಂದಿತ್ತು. ನಾನು ಶಾಲನ್ನು ಸೀಗೆ ಹಾಕಿ ಒಗೆದೆ. ಹಟ್ಟಿಗೆ ಇಳಿದು, ಎಂದೂ ಬಾಗಿಲು ತಟ್ಟದ ನಾನು ಒಂದೊಂದೇ ಬಾಗಿಲು ತಟ್ಟಿ, ಇವತ್ತು ನೀರು ಬಿಡುವುದಿಲ್ಲ, ಮಾವ ಮಲಗಿದ್ದಾರೆ, ಶಾಲು ಒಣಗುತ್ತಿದೆ ಅಷ್ಟೆ, ಎಂದು ಹೇಳಿದೆ. ಆಮೇಲೆ ಮೇಲೆ ಹತ್ತಿ ಹೋಗಿ ಅದನ್ನು ಗೋಡೆಯ ಮೇಲೆ ಹರವಿದೆ.