ಸೊರಗಿದ ಚುಕ್ಕೆಪ್ಪ

ಯಾವುದನ್ನೂ ಪರೀಕ್ಷೆ ಮಾಡದೆ ನಂಬಲು ಕೆಲವರಿಗೆ ಬರುವುದಿಲ್ಲ. ನಾನು ಆ ಪೈಕಿ. ರಾಣೇಬೆನ್ನೂರಿನ ಬೀಜದ ಕಂಪನಿಯೊಂದರಲ್ಲಿ ಬೀಜ ಮೊಳೆಯುತ್ತದೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಈ ಚಾಳಿ ಅಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಗೂ ಬರುತ್ತದೆ. ಹೆಂಡತಿ ತಂದ ಜೇನುತುಪ್ಪವನ್ನು ನೀರಿನ ಲೋಟಕ್ಕೆ ಹನಿಸಿ ನೋಡುತ್ತೇನೆ. ಅದು ಅಸಲಿಯೋ ನಕಲಿಯೋ ತಿಳಿಯುವಷ್ಟರಲ್ಲಿ ಅವಳು ಎದ್ದು ಒಳಗೆ ಹೋಗಿರುತ್ತಾಳೆ.

ನಮ್ಮ ಮನೆತನಕ್ಕೆ ಒಂದು ಕಲ್ಲಿದೆ. ಹೆಸರು ಚುಕ್ಕೆಪ್ಪ. ಐರಣಿಯ ಹೊಲದಲ್ಲಿ ಮುತ್ತಜ್ಜ ನೇಗಿಲು ಹೊಡೆಯುವಾಗ ಆಕಾಶದಿಂದ ಚುಕ್ಕಿ ಬಿತ್ತಂತೆ, ಅದೇ ಇದು. ಹಾಡಹಗಲೇ ಚುಕ್ಕಿ ಹೇಗೆ ಬಿತ್ತು ಎಂದು ಚಿಕ್ಕವನಿದ್ದಾಗ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೇನೆ. ಅಪ್ಪ ತೀರಿದ ಮೇಲೆ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಅಣ್ಣನೂ ನಾನೂ ಹೊಲ ಹಂಚಿಕೊಂಡೆವು, ಪಾತ್ರೆ ಹಂಚಿಕೊಂಡೆವು. ದೇವರನ್ನು ಒಡೆಯುವಂತಿರಲಿಲ್ಲ. ಹೀಗಾಗಿ ಒಂದು ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಅವನ ಮನೆ, ಆಮೇಲೆ ನಮ್ಮ ಮನೆ ಎಂದಾಯಿತು. ಚುಕ್ಕೆಪ್ಪನ ಮಹಿಮೆ ಏನೆಂದರೆ, ಅವನು ಬೆಳೆಯುತ್ತಾನೆ. ಅಜ್ಜನ ಕಾಲಕ್ಕೆ ಅಂಗೈಯಲ್ಲಿ ಹಿಡಿಸುತ್ತಿದ್ದವನು ಈಗ ತೆಂಗಿನಕಾಯಿಯಷ್ಟಾಗಿದ್ದ. ಯಾರ ಮನೆಯಲ್ಲಿ ಹೆಚ್ಚು ಬೆಳೆದನೋ ಅವರ ಮೇಲೆ ಅವನಿಗೆ ಪ್ರೀತಿ ಹೆಚ್ಚು. ಅಣ್ಣ ಕಲ್ಲನ್ನು ನನ್ನ ಕೈಗಿಡುವಾಗಲೆಲ್ಲ, "ಹಗೂರ ಹಿಡಿ. ನಮ್ಮ ಮನ್ಯಾಗ ಮೈಕೈ ತುಂಬ್ಕೊಂಡಾನ," ಎನ್ನುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ನಂಬದವನಿಗೆ ಹೊಟ್ಟೆಯುರಿ ಯಾಕೆ ಎಂದು ಕೇಳಬೇಡಿ.

ಕಳೆದ ವರ್ಷ ಚುಕ್ಕೆಪ್ಪ ನಮ್ಮಲ್ಲಿದ್ದಾಗ, ಇದು ನಿಜವಾದ ಉಲ್ಕೆಯೆಂದು ಸಾಬೀತು ಮಾಡಿದರೆ ಅಣ್ಣನ ಮುಂದೆ ನನ್ನದೂ ಒಂದು ತೂಕವಾದೀತು ಎನ್ನಿಸಿತು. ಹಾವೇರಿಯ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುವ ಪರಿಚಯದ ಮೇಷ್ಟರ ಬಳಿಗೆ ಟವೆಲಿನಲ್ಲಿ ಸುತ್ತಿಕೊಂಡು ಹೊರಟೆ. ಹೆಂಡತಿ ಬಾಗಿಲಿಗೆ ಬಂದಳು. "ದೇವ್ರನ್ನ ದವಾಖಾನಿಗೆ ಒಯ್ದಂಗ ಒಯ್ಯಾಕತ್ತೀರಲ್ರಿ. ಏನರ ಹೆಚ್ಚುಕಡಿಮಿ ಆದ್ರ ನಾಳೆ ಯುಗಾದಿಗೆ ಭಾವಾರಿಗೆ ಹೆಂಗ ಮಾರಿ ತೋರಸ್ತೀರಿ?"

ಮೇಷ್ಟರು ಕಲ್ಲನ್ನು ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು. "ಇದರಾಗ ಕಲ್ಲು ಎಲ್ಲೈತ್ರಿ? ಬರೇ ಎಣ್ಣಿ, ಕುಂಕುಮ ಕಾಣಾಕತ್ತೇತಿ. ತೊಳದು ನೋಡೂಣೇನು?" ನಾನು ಹೂಂ ಎಂದೆ. ಬಿಸಿನೀರು, ಸೋಪಿನ ಪುಡಿ, ಚಾಕು ಬಂದವು. ಚುಕ್ಕೆಪ್ಪ ಪದರ ಪದರವಾಗಿ ಬಿಚ್ಚಿಕೊಂಡ. ಬ್ಯಾಡಗಿಯ ಅತ್ತಿಗೆಯ ಕುಂಕುಮ ಕಡುಗೆಂಪು, ನಮ್ಮ ಮನೆಯದು ಸ್ವಲ್ಪ ಕೇಸರಿ. ಇಬ್ಬರೂ ಪೈಪೋಟಿಯಲ್ಲಿ ಬಳಿದಿದ್ದರು. ಅದರ ಕೆಳಗೆ ಅವ್ವನದು, ಅಜ್ಜಿಯದು. ಕೊನೆಗೆ ಉಳಿದದ್ದು ನಿಂಬೆಹಣ್ಣಿಗಿಂತ ಚೂರು ದೊಡ್ಡದಾದ, ತೂತುತೂತಾದ ಕರಿ ಗಡ್ಡೆ.

"ಚುಕ್ಕಿ ಅಲ್ರಿ ಇದು. ಹಿಂದಕ ಕುಲುಮ್ಯಾಗ ಕಬ್ಬಿಣ ಕರಗಸ್ತಿದ್ರಲ್ಲ, ಅದರ ಕಿಟ್ಟ," ಎಂದರು ಮೇಷ್ಟರು. "ಈ ಮಗ್ಗಲ ನೋಡ್ರಿ, ಹೆಂಗ ಸವದೈತಿ. ಬಚ್ಚಲದಾಗ ಯಾರೋ ಹಿಂಬಡ ತಿಕ್ಕೊಂಡಾರ."

ಮುತ್ತಜ್ಜ ಹಿಮ್ಮಡಿ ಉಜ್ಜಿಕೊಂಡದ್ದಕ್ಕೆ ನಾವು ತಲೆಮಾರುಗಟ್ಟಲೆ ಆರತಿ ಎತ್ತಿದ್ದೆವು. ನಗು ಬರಬೇಕಿತ್ತು, ಬರಲಿಲ್ಲ. ಹಾವೇರಿಯಿಂದ ಬರುವಾಗ ಬಸ್ಸಿನಲ್ಲಿ ಟವೆಲು ಅಷ್ಟು ಹಗುರವಾಗಿದ್ದುದಕ್ಕೆ ನನಗೆ ಹೆದರಿಕೆಯೇ ಆಯಿತು.

ಯುಗಾದಿಗೆ ಅಣ್ಣ ಬಂದ. ಕಿಟ್ಟ, ಕುಲುಮೆ, ಕುಂಕುಮದ ಪದರ ಎಂದೆಲ್ಲ ನಾನು ಭಾಷಣ ಸಿದ್ಧಮಾಡಿಕೊಂಡಿದ್ದೆ. ಅವನು ಆ ಗಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದ. ಕಣ್ಣಲ್ಲಿ ನೀರು ಬಂತು. "ತಮ್ಮಾ, ಎಡಿ ಹಿಡೀತಿದ್ರೋ ಇಲ್ಲೋ? ಎಷ್ಟ ಸೊರಗ್ಯಾನ!" ಭಾಷಣ ಬಿಟ್ಟು, ಸುತ್ತಿಕೊಳ್ಳಲು ಟವೆಲು ಕೊಟ್ಟೆ. ಅವನು ಚುಕ್ಕೆಪ್ಪನನ್ನು ಎದೆಗವಚಿಕೊಂಡು, ನಮ್ಮ ಮನೆಯಲ್ಲಿ ಊಟವನ್ನೂ ಮಾಡದೆ ಹೋದ. ಅದು ಮಾತ್ರ ಚುಚ್ಚಿತು.

ಈಗ ಅಮಾವಾಸ್ಯೆಗೊಮ್ಮೆ ಫೋನು ಮಾಡುತ್ತಾನೆ. "ಚೇತರಿಸ್ಕೊಳ್ಳಾಕತ್ತಾನ. ಪೇರಲಕಾಯಿಯಷ್ಟ ಆಗ್ಯಾನ." ಬರುವ ಯುಗಾದಿಗೆ ನಮ್ಮ ಸರದಿ. ನಿನ್ನೆ ಹೆಂಡತಿ ಸಂತೆಯಿಂದ ದೊಡ್ಡ ಡಬ್ಬಿ ಕುಂಕುಮ ತಂದು, ಶೇಂಗಾ ಎಣ್ಣೆಯ ಬಾಟಲಿಯ ಪಕ್ಕದಲ್ಲಿಟ್ಟಳು. ಎಲ್ಲ ತಿಳಿದವನು ನಾನೊಬ್ಬನೇ ತಾನೇ, ಸುಮ್ಮನಿರಲಾಗಲಿಲ್ಲ.

"ಶೇಂಗಾ ಎಣ್ಣಿ ಬ್ಯಾಡ," ಎಂದೆ. "ಹರಳೆಣ್ಣಿ ತಗೊಂಬಾ. ದಪ್ಪಗ ಹತ್ತತೈತಿ."